ಹನ್ನೆರಡು ‘ಹೂಂ’

ಮೂರನೆಯ ಕೂಸು ಸತ್ತ ದಿನ ನಾನು ಆ ಮನೆಯ ಅಂಗಳದಲ್ಲಿ ರಿಜಿಸ್ಟರು ಬಿಚ್ಚಿಕೊಂಡು ನಿಂತಿದ್ದೆ. ಮಣ್ಣು ಮಾಡಿ ಬಂದ ಗಂಡಸರು ಬಾಗಿಲ ಬಳಿ ಕಾಲು ತೊಳೆಯುತ್ತಿದ್ದರು. ಹೆಣ್ಣು ಕೂಸು, ಹುಟ್ಟಿ ಎಂಟು ದಿನ. ಹುಟ್ಟಿದ ದಿನ, ಸತ್ತ ದಿನ, ತಾಯಿಯ ವಯಸ್ಸು ಎಲ್ಲ ಬರೆದು ಮುಗಿಸಿದ್ದೆ. ‘ಕಾರಣ’ ಅನ್ನುವ ಕಾಲಂ ಮಾತ್ರ ಉಳಿದಿತ್ತು.

“ಏನಾಗಿತ್ತು ಕೂಸಿಗೆ?” ಅಂತ ಕೂಸಿನ ಅಜ್ಜಿಯನ್ನು ಕೇಳಿದೆ.

“ಏನಾಗಾದು ನರ್ಸಮ್ಮ. ಕೊಟ್ಟೋನು ಕಿತ್ಕಂಡ.”

ಅಷ್ಟು ಹೇಳಿ ಆಕೆ ಒಳಗೆ ಹೋದಳು. ಒಂದು ನಿಮಿಷ ನಿಂತು ನೋಡಿದೆ, ಯಾರೂ ಹೊರಗೆ ಬರಲಿಲ್ಲ. ‘ಜ್ವರ’ ಅಂತ ಬರೆದು ಹೊರಟೆ. ಅದೇ ಊರಿನಲ್ಲಿ ನಾಲ್ಕು ತಿಂಗಳೊಳಗೆ ಸತ್ತ ಹಿಂದಿನ ಎರಡು ಕೂಸುಗಳಿಗೂ ಅದನ್ನೇ ಬರೆದಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ನ್ಯಾಮತಿಯವಳು, ಕೆಲಸ ಸಿಕ್ಕಿದ್ದು ಜಗಳೂರಿನ ಕಡೆ, ಐದು ಹಳ್ಳಿಗೊಬ್ಬ ನರ್ಸು. ನಮ್ಮ ಕಡೆ ಹೊಳೆ ಕಂಡು ಬೆಳೆದವಳಿಗೆ ಅಲ್ಲಿಯ ಬಿಸಿಲು, ಶೇಂಗಾ ಹೊಲ, ಎರಡು ಮೈಲಿಗೊಂದು ಮರ ಎಲ್ಲ ಹೊಸದು. ಸಾಲದ್ದಕ್ಕೆ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಕೇಳಿದ ಪ್ರಶ್ನೆಗೆ ಉತ್ತರ ಬರುವುದು ತಡವಾದರೆ ನಾನೇ ಉತ್ತರ ಹೇಳಿ ಮುಂದಕ್ಕೆ ಹೋಗುವ ಸ್ವಭಾವ. ಆ ಕಾಲದ ಹಳ್ಳಿಯ ಜನವೂ ನಮ್ಮನ್ನು ಕಂಡರೆ ದೂರ ಸರಿಯುತ್ತಿದ್ದರು. ಅದಕ್ಕೆ ಒಂದೆರಡು ವರ್ಷ ಹಿಂದೆ ಸಂತಾನಹರಣದ ಆಪರೇಷನ್ನಿನ ಗಲಾಟೆ ನಡೆದಿತ್ತಲ್ಲ, ಗಂಡಸರನ್ನು ಜೀಪಿಗೆ ತುಂಬಿಕೊಂಡು ಹೋದದ್ದನ್ನು ಯಾರೂ ಮರೆತಿರಲಿಲ್ಲ. ರಿಜಿಸ್ಟರು ಹಿಡಿದವರು ಊರೊಳಗೆ ಬಂದರೆ ಬಸುರಿಯರು ಹಿತ್ತಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ಬಸುರಿಯರಿಗೆ ಹಾಕಬೇಕಾದ ಧನುರ್ವಾಯುವಿನ ಸೂಜಿಯನ್ನೂ ಮಕ್ಕಳಾಗದಂತೆ ಮಾಡುವ ಸೂಜಿ ಅಂತಲೇ ನಂಬಿದ್ದರು.

ತಿಂಗಳ ಮೀಟಿಂಗಿನಲ್ಲಿ ಡಾಕ್ಟರು ನನ್ನ ರಿಜಿಸ್ಟರು ತಿರುವಿ ಹಾಕಿ ಕನ್ನಡಕ ತೆಗೆದರು.

“ಮೂರೂ ಏಳನೇ ಎಂಟನೇ ದಿನ. ಮೂರೂ ಜ್ವರ. ಮೂರಕ್ಕೂ ಸೂಲಗಿತ್ತಿ ಯಾರು?”

“ಒಬ್ಬಳೇ ಸಾರ್. ನಾವು ಟ್ರೈನಿಂಗ್ ಕೊಟ್ಟವಳೇ.”

“ಇದು ಜ್ವರ ಅಲ್ಲಮ್ಮ. ಹುಟ್ಟಿದ ಕೂಸಿಗೆ ಧನುರ್ವಾಯು ಹೊಕ್ಕಳಿಂದ ಹೋಗುತ್ತೆ, ಅದು ನಿಮಗೂ ಗೊತ್ತು. ಹೊಕ್ಕಳು ಹೆಂಗೆ ಕುಯ್ದರು, ಏನು ಹಚ್ಚಿದರು, ಕೇಳಿಕೊಂಡು ಬನ್ನಿ.”

ನನಗೆ ಅವಮಾನ ಆಯಿತು. ಆ ಸೂಲಗಿತ್ತಿಗೆ ಪಾಠ ಹೇಳಿದ್ದು ನಾನೇ. ಅರವತ್ತು ದಾಟಿದ ಹೆಂಗಸು, ಊರಾಚೆಯ ಕೇರಿಯವಳು. ಓದು ಬರಹ ಇಲ್ಲದಿದ್ದರೂ ಒಂದು ತಿಂಗಳ ತರಬೇತಿಗೆ ಒಂದು ದಿನವೂ ತಪ್ಪಿಸದೆ ನಡೆದು ಬಂದಿದ್ದಳು. ಕುಡುಗೋಲಿನಿಂದ ಹೊಕ್ಕಳು ಕುಯ್ಯಬೇಡ, ಸಗಣಿ ಬೂದಿ ಹಚ್ಚಬೇಡ ಅಂದಾಗ ತಲೆದೂಗಿ ಒಪ್ಪಿಕೊಂಡಿದ್ದಳು. ಕೊನೆಯ ದಿನ ನಾನು ಅವಳ ಕೈಗೆ ಒಂದು ಪೊಟ್ಟಣ ಕೊಟ್ಟಿದ್ದೆ. ಅದರಲ್ಲಿ ಆಸ್ಪತ್ರೆಯಲ್ಲಿ ಹಬೆಗಿಟ್ಟು ಶುದ್ಧ ಮಾಡಿದ ಬ್ಲೇಡು, ಎರಡು ದಾರ, ಒಂದು ತುಂಡು ಬಟ್ಟೆ ಇದ್ದವು. ಹೆರಿಗೆಗೊಂದು ಪೊಟ್ಟಣ ಅನ್ನುವುದು ನಿಯಮ. ಆದರೆ ಆ ವರ್ಷ ಪೊಟ್ಟಣಗಳ ಸರಬರಾಜು ನಿಂತುಹೋಯಿತು. ಹೀಗಾಗಿ ಅವಳಿಗೆ ಕೊಟ್ಟಿದ್ದು ಅದೊಂದೇ. ಮುಂದಿನ ಹೆರಿಗೆಗಳಿಗೆ ಅಂಗಡಿಯಲ್ಲಿ ಬ್ಲೇಡು ಕೊಂಡು ನೀರಲ್ಲಿ ಕುದಿಸಿಕೊಳ್ಳುತ್ತಾಳೆ ಅಂತ ನಾನೇ ಅಂದುಕೊಂಡಿದ್ದೆ.

ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ ಅನ್ನುವುದು ಅದೇ ವಾರ ನನಗೆ ತಿಳಿಯಿತು. ಎಂಟು ತಿಂಗಳು ತುಂಬಿತ್ತು. ಮೂರು ಕೂಸು ಹೋದದ್ದು ಏತಕ್ಕೆ ಅಂತ ಒಂದು ತಿಂಗಳೊಳಗೆ ಗೊತ್ತಾಗದೆ ಹೋದರೆ ನಾಲ್ಕನೆಯದು ಅವಳ ಮೊಮ್ಮಗುವೇ ಆಗಬಹುದಿತ್ತು.

ತರಬೇತಿಯ ಪುಸ್ತಕದ ಕೊನೆಯಲ್ಲಿ ಹನ್ನೆರಡು ಪ್ರಶ್ನೆಗಳ ಒಂದು ಹಾಳೆ ಇತ್ತು. ಅದನ್ನು ಹಿಡಿದುಕೊಂಡು ಊರಿಗೆ ಹೋದೆ. ಗೌಡರ ಮನೆಯ ಜಗಲಿಯ ಮೇಲೆ ನನಗೆ ಕುರ್ಚಿ ಹಾಕಿದರು. ಸೂಲಗಿತ್ತಿಯನ್ನು ಕರೆಸಿದರು. ಅವಳು ಜಗಲಿ ಹತ್ತದೆ ಕೆಳಗೆ ಅಂಗಳದಲ್ಲಿ ಸೆರಗು ಹೊದ್ದು ನಿಂತಳು. ನನ್ನ ತಾಯಿಗಿಂತ ದೊಡ್ಡವಳನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಅದು ತಪ್ಪು ಅಂತ ನನಗೂ ಅನಿಸಿರಲಿಲ್ಲ.

“ಕೈ ಸೋಪು ಹಾಕಿ ತೊಳೆದೆಯಾ?”

“ಹೂಂ ನರ್ಸಮ್ಮಾರೆ.”

“ಉಗುರು ತೆಗೆದಿದ್ದೆಯಾ?”

“ಹೂಂ.”

“ಹೊಕ್ಕಳು ಕುಯ್ಯೋಕೆ ಬ್ಲೇಡು ಬಳಸಿದೆಯಾ?”

“ಹೂಂ ರೀ, ಬ್ಲೇಡೇ.”

“ಸಗಣಿ, ಬೂದಿ ಏನಾದ್ರೂ ಹಚ್ಚಿದ್ರಾ?”

“ಇಲ್ರೀ, ನೀವು ಬ್ಯಾಡ ಅಂದಿದ್ರಲ್ಲ. ಹೂಂ.”

ಐದು ನಿಮಿಷವೂ ಹಿಡಿಯಲಿಲ್ಲ. ಹನ್ನೆರಡು ಪ್ರಶ್ನೆಗೂ ‘ಹೂಂ’ ಬಂತು, ಹನ್ನೆರಡು ಸರಿ ಗುರುತು ಬಿದ್ದವು. ಹಾಳೆ ಮಡಚಿ ಡಾಕ್ಟರಿಗೆ ತಂದುಕೊಟ್ಟೆ. ಅವರು ಅದನ್ನು ಓದಿ ಮೇಜಿನ ಮೇಲೆ ಎಸೆದರು.

“ಹನ್ನೆರಡೂ ಸರಿ ಇದ್ದರೆ ಮೂರು ಮಕ್ಕಳು ಹೆಂಗಮ್ಮ ಸತ್ತವು?”

ಹಾಗಾದರೆ ಸೂಲಗಿತ್ತಿ ಸುಳ್ಳು ಹೇಳುತ್ತಿದ್ದಾಳೆ ಅನ್ನುವ ತೀರ್ಮಾನಕ್ಕೆ ಬಂದೆ. ಅವಳ ಸುಳ್ಳನ್ನು ಹಿಡಿಯಬೇಕು ಅಂತ ಕೂಸು ಕಳೆದುಕೊಂಡ ಮನೆಗಳಿಗೆ ಹೋದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಮೊದಲ ಮನೆಯಲ್ಲಿ “ಸೂಜಿ ಯಾಕೆ ಹಾಕಿಸಿಕೊಳ್ಳಲಿಲ್ಲ?” ಅಂತ ಶುರು ಮಾಡಿದೆ. ಆ ಹುಡುಗಿ, ಇಪ್ಪತ್ತೂ ತುಂಬಿರದ ಬಾಣಂತಿ, ಬಾಗಿಲ ಹಿಂದೆ ನಿಂತು ತುಟಿ ಪಿಟಕ್ ಅನ್ನಲಿಲ್ಲ. ಎರಡನೆಯ ಮನೆಯಲ್ಲಿ “ಸೂಲಗಿತ್ತಿ ಏನು ಹಚ್ಚಿದಳು, ಹೆದರಬೇಡಿ ಹೇಳಿ” ಅಂದೆ. ಹೆದರಬೇಡಿ ಅಂದಮೇಲೆ ಹೆದರದೆ ಇರುತ್ತಾರೆಯೇ? ಮೂರನೆಯ ಮನೆಯವರು ನಾನು ಬರುವುದನ್ನು ದೂರದಿಂದ ನೋಡಿಯೇ ಕದ ಹಾಕಿಕೊಂಡರು.

ಸಂಜೆಯೊಳಗೆ ಊರಲ್ಲಿ ಸುದ್ದಿ ಹಬ್ಬಿತು. ನರ್ಸಮ್ಮ ಸೂಲಗಿತ್ತಿಯನ್ನು ಪೊಲೀಸರಿಗೆ ಹಿಡಿದು ಕೊಡುತ್ತಾಳಂತೆ. ಮರುದಿನ ನಾನು ಕೇರಿಗೆ ಹೋದರೆ ಅವಳ ಮನೆಗೆ ಬೀಗ. ಬಸುರಿ ಮಗಳನ್ನು ಕರೆದುಕೊಂಡು ಯಾವುದೋ ನೆಂಟರ ಊರಿಗೆ ಹೋಗಿದ್ದಳು. ಯಾವ ಊರು ಅಂತ ಒಬ್ಬರೂ ಹೇಳಲಿಲ್ಲ. ಹತ್ತು ದಿನ ಹಾಗೇ ಹೋದವು. ಎಂಟು ತಿಂಗಳ ಬಸುರಿಯನ್ನು ಬಿಸಿಲಲ್ಲಿ ನಡೆಸಿಕೊಂಡು ಊರು ಬಿಡುವ ಹಾಗೆ ಮಾಡಿದವಳು ನಾನು.

ಆ ದಿನಗಳಲ್ಲೇ ಜಗಳೂರಿನ ಸಂತೆಯಲ್ಲಿ ಒಣಮೀನು ಮಾರುವ ಒಬ್ಬ ಹೆಂಗಸನ್ನು ಕಂಡೆ. ಸೂಳೆಕೆರೆಯ ಕಡೆಯವಳು, ಸಂತೆಬೆನ್ನೂರಿನ ಸಂತೆ ಮುಗಿಸಿ ಇತ್ತ ಬರುತ್ತಿದ್ದಳು. ಬಸ್ಸಿಗೆ ಕಾಯುತ್ತಾ ಅವಳ ಪಕ್ಕ ನೆರಳಿಗೆ ಕುಳಿತೆ. ಒಬ್ಬಳು ಗಿರಾಕಿ ಬಂದಳು.

“ಹೋದ ಸಲ ಒಯ್ದಿದ್ದು ಯಾವ ಕಾಯಿಗೆ ಹಾಕಿದ್ರಿ?” ಅಂತ ಇವಳು ಕೇಳಿದಳು.

“ಬದನೆಕಾಯಿಗೆ.”

“ಈ ಬಿಸಿಲಾಗೆ ಬದನೆ ಯಾರ ಹಿತ್ಲಾಗೆ ಐತವ್ವ?”

“ನನ್ನ ತಂಗಿ ಕೊಟ್ಟು ಕಳಿಸಿದ್ಲು.”

“ತಂಗಿ ಬರ್ಲಿಲ್ಲ, ಕಾಯಿ ಅಷ್ಟೇ ಬಂತಾ?”

ಗಿರಾಕಿ ನಕ್ಕಳು. ಆಮೇಲೆ ಕುಕ್ಕರಗಾಲಲ್ಲಿ ಕುಳಿತಳು. ಬಸ್ಸು ಬರುವ ಹೊತ್ತಿಗೆ ತಂಗಿ ಯಾಕೆ ಬರುವುದಿಲ್ಲ, ಅವಳ ಗಂಡ ಹೆಂಡದಂಗಡಿಯಲ್ಲಿ ಏನು ಮಾಡಿದ, ಅತ್ತೆ ಏನಂದಳು ಎಲ್ಲವೂ ಹೊರಗೆ ಬಂದಿತ್ತು, ಕಣ್ಣೀರೂ ಬಂದಿತ್ತು. ನಾನು ಬೆಪ್ಪಾಗಿ ನೋಡುತ್ತಾ ಕುಳಿತೆ. ಮೀನಿನವಳು ಒಂದು ಪ್ರಶ್ನೆಯನ್ನೂ ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಹಿಂದಿನ ಉತ್ತರದಲ್ಲಿ ಏನು ಬಂತೋ ಅದನ್ನೇ ಹಿಡಿದು ಮುಂದಿನದನ್ನು ಕೇಳುತ್ತಿದ್ದಳು. ‘ಹೂಂ’, ‘ಊಹೂಂ’ ಅಂದು ಮುಗಿಸಲು ಬರುವಂಥ ಪ್ರಶ್ನೆಯೂ ಅಪರೂಪ.

ನನ್ನ ಸಂಕಟ ಅವಳಿಗೆ ಹೇಳಿಕೊಂಡೆ. ಹೇಳಿಕೊಂಡೆ ಅನ್ನುವುದಕ್ಕಿಂತ ಅವಳು ಹೇಳಿಸಿಕೊಂಡಳು ಅನ್ನುವುದೇ ಸರಿ. ಎಲ್ಲ ಕೇಳಿ ನನ್ನ ಕೈಯ ಹಾಳೆ ನೋಡಿದಳು.

“ನೀವು ಕೇಳಾದು ಜಡ್ಜು ಕೇಳಿದಂಗೈತೆ. ಜಡ್ಜಿಗೆ ಯಾರಾನ ಮನೆ ಕತೆ ಹೇಳ್ತಾರಾ ತಾಯಿ? ತಪ್ಪು ಯಾರ್ದು ಅನ್ನಾದು ನಿಮ್ಮ ದನಿಯಾಗೇ ಐತೆ. ಆವಮ್ಮಂಗೆ ಏನು ಗೊತ್ತೈತೋ ಅದು ಕೇಳ್ರಿ. ಕೇಳಿದ ಮ್ಯಾಲೆ ಬಾಯಿ ಮುಚ್ಕಂಡು ಕುಂದ್ರಿ. ನೀವು ಅವ್ರು ಉಸಿರು ತಗಣಾದ್ರೊಳಗೆ ಇನ್ನೊಂದು ಕೇಳಾ ಪೈಕಿ.”

ಅವಳು ಹೇಳಿದ್ದು ನನಗೆ ಸರಿಯಾಗಿ ನಾಟಿತು. ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಆ ಹನ್ನೆರಡು ಪ್ರಶ್ನೆಯಲ್ಲಿ ಒಂದಾದರೂ ನನಗೆ ಉತ್ತರ ಗೊತ್ತಿಲ್ಲದ್ದು ಇತ್ತೇ? ಎಲ್ಲದಕ್ಕೂ ಉತ್ತರ ಇಂಥದ್ದೇ ಬರಬೇಕು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ್ದಳು.

ಹನ್ನೊಂದನೆಯ ದಿನ ಸೂಲಗಿತ್ತಿ ಊರಿಗೆ ವಾಪಸ್ಸು ಬಂದಿದ್ದಾಳೆ ಅಂತ ಗೊತ್ತಾಯಿತು. ಮಗಳಿಗೆ ದಿನ ಹತ್ತಿರ ಬಂದಿತ್ತು, ಬೇರೆಯವರ ಮನೆಯಲ್ಲಿ ಎಷ್ಟು ದಿನ ಇರುತ್ತಾಳೆ? ನಾನು ರಿಜಿಸ್ಟರು, ಹಾಳೆ, ಚೀಲ ಎಲ್ಲವನ್ನೂ ಮನೆಯಲ್ಲಿ ಬಿಟ್ಟು ಬರಿಗೈಯಲ್ಲಿ ಹೋದೆ. ಗೌಡರ ಜಗಲಿಗೆ ಹೋಗದೆ ನೇರ ಕೇರಿಗೆ ನಡೆದೆ. ನನ್ನನ್ನು ಕಂಡು ಅವಳು ಎದ್ದು ನಿಂತಳು. ನಾನು ಹೊಸ್ತಿಲ ಬಳಿ ನೆಲದ ಮೇಲೆ ಕುಳಿತೆ. ಅವಳು ಗೋಣಿಚೀಲ ತಂದು ಹಾಸಿದಳು. ಕುಡಿಯಲು ನೀರು ಕೇಳಿದೆ. ಕೊಡಲೋ ಬೇಡವೋ ಅಂತ ಒಂದು ಕ್ಷಣ ನಿಂತು, ಚೊಂಬು ತೊಳೆದು ತಂದುಕೊಟ್ಟಳು. ಆ ಊರಿಗೆ ಹೋದಾಗಲೆಲ್ಲ ಗೌಡರ ಮನೆಯಿಂದ ನನಗೆ ಬರುತ್ತಿದ್ದ ಮಜ್ಜಿಗೆ ಮರುದಿನದಿಂದ ನಿಂತುಹೋಯಿತು, ಅದು ಬೇರೆ ಮಾತು.

“ದೊಡ್ಡವ್ವ,” ಅಂದೆ. ಹಾಗೆ ಕರೆದದ್ದು ಅದೇ ಮೊದಲು. “ನೀವು ಹಿಡಿದ ಮೊದಲನೇ ಕೂಸು ಯಾವುದು?”

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಮೈ ಪರಚಿಕೊಳ್ಳುವಷ್ಟು ಕಷ್ಟ ಆಯಿತು, ಆದರೂ ಕುಳಿತೆ.

“ನಮ್ಮತ್ತೆ ಜತೀಗೆ ಹೋಗ್ತಿದ್ದೆ. ಒಂದಿನ ನಮ್ಮತ್ತೆಗೆ ಚಳಿಜ್ವರ. ನಾನೊಬ್ಳೇ ಹೋದೆ. ಕಾಲು ಮೊದ್ಲು ಬಂದಿದ್ದ ಕೂಸು.”

“ಕಾಲು ಮೊದಲು ಬಂದದ್ದು ನಿಮಗೆ ಹೆಂಗೆ ಗೊತ್ತಾಯ್ತು?”

ಅಷ್ಟೇ. ಅಲ್ಲಿಂದ ಅವಳ ಬಾಯಿ ಬಿಚ್ಚಿತು. ಹೊಟ್ಟೆಯ ಮೇಲೆ ಅಂಗೈ ಇಟ್ಟು ತಲೆ ಎಲ್ಲಿದೆ ಅಂತ ತಿಳಿಯುವುದು, ನೋವು ನಿಂತು ನಿಂತು ಬರುವಾಗ ಹೆಂಗಸನ್ನು ನಡೆಸುವುದು, ಮಾಸು ಬೀಳುವುದು ತಡವಾದರೆ ಏನು ಮಾಡುವುದು. ನಾನು ಪರೀಕ್ಷೆ ಪಾಸು ಮಾಡಿ ಕಲಿತದ್ದಕ್ಕಿಂತ ಹೆಚ್ಚು ಅವಳ ಬೆರಳುಗಳಿಗೆ ಗೊತ್ತಿತ್ತು. ತರಬೇತಿಯ ಆ ಒಂದು ತಿಂಗಳಲ್ಲಿ ನಾನು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ, ಬರೀ ಹೇಳಿದ್ದೆ. ಎರಡು ಸಲ ಬ್ಲೇಡಿನ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವತ್ತು ಹೊಕ್ಕಳ ವಿಷಯ ಬರಲೇ ಇಲ್ಲ.

ಎರಡನೆಯ ದಿನ ಬಸುರಿ ಮಗಳೂ ಬಂದು ಕುಳಿತಳು. ಗೌಡರ ಮೊಮ್ಮಗನ ಹೆರಿಗೆಯ ಕತೆ ಹೇಳಿ ಅಂದೆ. ಅದು ಅವಳಿಗೆ ಹೆಮ್ಮೆಯ ಹೆರಿಗೆ. ತರಬೇತಿ ಮುಗಿದ ಮೇಲಿನ ಮೊದಲನೆಯದು, ಕೂಸು ಗುಂಡು ಗುಂಡಾಗಿ ಬದುಕಿತ್ತು.

“ಕೂಸು ಬಂತು. ಆಮೇಲೆ?”

“ನೀವು ಕೊಟ್ಟ ಪೊಟ್ಟಣ ಬಿಚ್ಚಿದೆ. ಎರಡು ಕಡೆ ದಾರ ಕಟ್ಟಿ ನಡುವೆ ಕುಯ್ದೆ. ಗೌಡ್ರ ಹೆಂಡ್ರು ಬೂದಿ ತಂದ್ರು, ನಾನು ಬ್ಯಾಡ ಅಂದೆ. ಗೌಡ್ರ ಹೆಂಡ್ರಿಗೇ ಬ್ಯಾಡ ಅಂದೆ ನೋಡ್ರಿ!”

“ಅವರು ಏನಂದರು?”

“ಮಕ ಗಂಟು ಹಾಕ್ಕಂಡ್ರು. ಐದನೇ ದಿನ ಅವರೇ ಕರೆಸಿ ಸೀರೆ ಕೊಟ್ರು.”

ಬೇರೆ ದಿನವಾಗಿದ್ದರೆ ನಾನು ಇಲ್ಲಿಗೆ ಎದ್ದುಬಿಡುತ್ತಿದ್ದೆ. ಎಲ್ಲ ಸರಿಯಾಗಿಯೇ ಇತ್ತಲ್ಲ. ಆದರೆ ಅವಳ ಮಾತಿನಲ್ಲಿ ಐದನೇ ದಿನ ಅಂತ ಬಂದಿತ್ತು. ಅದನ್ನೇ ಹಿಡಿದೆ.

“ಐದನೇ ದಿನ ಏನೇನು ಮಾಡ್ತಾರೆ ನಿಮ್ಮೂರಲ್ಲಿ?”

ಅವಳು ನಕ್ಕಳು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ. ಐದನೆಯ ದಿನ ಬಾಣಂತಿಯ ಕೋಣೆ ಸಾರಿಸಿ, ಮೂಲೆಯಲ್ಲಿ ಸಗಣಿಯ ಉಂಡೆ ಇಟ್ಟು, ಹೊಕ್ಕಳು ಕುಯ್ದ ಕುಡುಗೋಲನ್ನು ಅದಕ್ಕೆ ಸಿಗಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿ ಎಡೆ ಇಟ್ಟು, ಕೂಸಿನ ಹಣೆಬರಹ ಚೆನ್ನಾಗಿ ಬರೆಯಲಿ ಅಂತ ಕೈ ಮುಗಿಯುತ್ತಾರೆ. ನಮ್ಮ ಕಡೆಯೂ ಹೀಗೇ ಏನೋ ಮಾಡುತ್ತಿದ್ದರು, ನನಗೆ ಮರೆತೇ ಹೋಗಿತ್ತು.

“ಈಗ ಕುಡುಗೋಲು ಇಲ್ಲವಲ್ಲ. ಏನು ಇಟ್ರಿ?”

“ಬ್ಲೇಡೇ ಇಟ್ವಿ.”

“ಪೂಜೆ ಆದ ಮೇಲೆ ಅದು ಎಲ್ಲಿಗೆ ಹೋಯ್ತು?”

“ಎಲ್ಲಿಗೆ ಹೋಗ್ತೈತೆ? ಪೂಜೆ ಮಾಡಿದ್ದನ್ನ ತಿಪ್ಪೆಗೆ ಹಾಕಾಕೆ ಬರ್ತೈತಾ? ನನ್ನ ಹತ್ರಾನೇ ಐತೆ.”

ಒಳಗೆ ಹೋಗಿ ಒಂದು ಸಣ್ಣ ತಗಡಿನ ಡಬ್ಬಿ ತಂದಳು. ಎರಡೂ ಕೈಯಲ್ಲಿ ಹಿಡಿದು ತೆರೆದಳು. ಒಳಗೆ ಅರಿಶಿನ ಹಚ್ಚಿದ ಬಟ್ಟೆಯ ಮೇಲೆ ಆ ಬ್ಲೇಡು ಇತ್ತು. ಕುಂಕುಮದ ಅಡಿಯಲ್ಲಿ ತುಕ್ಕು, ಅಂಚಿನಲ್ಲಿ ಒಣಗಿದ ಸಗಣಿಯ ಹಸಿರು ಗೆರೆ.

ಡಬ್ಬಿಯಿಂದ ಕಣ್ಣು ತೆಗೆಯದೆ ಕೇಳಿದೆ, “ಇದರಿಂದ ಎಷ್ಟು ಕೂಸಿನ ಹೊಕ್ಕಳು ಕುಯ್ದಿದ್ದೀರಿ ದೊಡ್ಡವ್ವ?”

“ಗೌಡ್ರ ಮೊಮ್ಮಗ, ಆಮೇಲೆ ಮೂರು. ಆ ಮೂರು ಉಳೀಲಿಲ್ಲ, ಅವುಗಳ ಹಣೆಬರ. ಚೆನ್ನಾಗಿ ತೊಳೆದೇ ಕುಯ್ದೀನಿ. ನೀವು ಜ್ವಾಪಾನ, ಮತ್ತೆ ಯಾವಾಗ ಬರ್ತೈತೋ ಗೊತ್ತಿಲ್ಲ ಅಂದಿದ್ರಲ್ಲ. ಇದನ್ನ ನನ್ನ ಮಗಳಿಗೆ ಅಂತ ಇಟ್ಕಂಡೀನಿ. ಗೌಡ್ರ ಮನೆ ಕೂಸು ಬದುಕಿದ ಬ್ಲೇಡು ಇದು.”

ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದಳು. ಅವಳು ಹೇಳಿದ ಹನ್ನೆರಡು ‘ಹೂಂ’ನಲ್ಲಿ ಒಂದೂ ಸುಳ್ಳಿರಲಿಲ್ಲ. ಜೋಪಾನವಾಗಿ ಇಟ್ಟುಕೋ ಅಂದವಳು ನಾನು. ಪೊಟ್ಟಣ ಮುಗಿದ ಮೇಲೆ ಏನು ಮಾಡುತ್ತೀರಿ ಅಂತ ಒಂದೇ ಒಂದು ಸಲ ಕೇಳದೆ ಇದ್ದವಳೂ ನಾನು.

ನಿಜ ಹೇಳುವ ಧೈರ್ಯ ಆಗ ನನಗೆ ಬರಲಿಲ್ಲ. “ಇದನ್ನು ಡಾಕ್ಟರಿಗೆ ತೋರಿಸಬೇಕು, ಮಗಳಿಗೆ ಹೊಸ ಪೊಟ್ಟಣ ತರ್ತೀನಿ, ಹೆರಿಗೆಗೆ ನಾನೂ ಬರ್ತೀನಿ” ಅಂದೆ. ಅವಳಿಗೆ ಮನಸ್ಸಿರಲಿಲ್ಲ. ಬಹಳ ಹೊತ್ತು ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಕೊಟ್ಟಳು. ಮಗಳಿಗೆ ಸೂಜಿ ಹಾಕುತ್ತೇನೆ ಅಂದಾಗ ಒಪ್ಪಿದರು, ಆದರೆ ಅಷ್ಟು ತಡವಾಗಿ ಹಾಕಿದ ಒಂದು ಸೂಜಿಯನ್ನು ನೆಚ್ಚಿ ಕೂರುವಂತಿರಲಿಲ್ಲ.

ಡಾಕ್ಟರು ಡಬ್ಬಿ ನೋಡಿ ಏನೂ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ ಆಯಿತು. ನಾನು ಮೂರು ಸಾಲಿನಲ್ಲೂ ‘ಜ್ವರ’ ಹೊಡೆದುಹಾಕಿ ‘ಧನುರ್ವಾಯು’ ಅಂತ ಬರೆದು, ಪೊಟ್ಟಣ ಕೊಡದೆ ಇದ್ದದ್ದನ್ನೂ ಬರೆದುಕೊಟ್ಟೆ. ಅದಕ್ಕೆ ಮುಂದೆ ಒಂದು ಮೆಮೊ ಬಂತು. ನನ್ನ ಮೇಲ್ವಿಚಾರಕಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು, ಪಕ್ಕಕ್ಕೆ ಕರೆದು ಹೇಳಿದರು, “ಆ ಮುದುಕಿಗೆ ಮಾತ್ರ ಹೇಳಬೇಡ ಕಣೆ. ಎದೆ ಒಡ್ಕೊಂಡು ಸಾಯ್ತಾಳೆ. ಇನ್ನು ಮೇಲೆ ಹೊಸ ಬ್ಲೇಡು ಕೊಡು, ಮುಗೀತು.” ನನಗೂ ಅದೇ ಬೇಕಾಗಿತ್ತು, ಒಪ್ಪಿಕೊಂಡೆ.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಹೇಳಿ ಕಳಿಸಿದರು. ನಾನು ಹೋಗುವ ಹೊತ್ತಿಗೆ ನೀರು ಕುದಿಯುತ್ತಿತ್ತು. ಸೂಲಗಿತ್ತಿ ಮಗಳ ಸೊಂಟ ನೀವುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಬಂತು, ಗಂಡು. ಅವಳು ಹಿಡಿದಳು, ಆಸ್ಪತ್ರೆಯಲ್ಲಿ ಹಬೆಗಿಟ್ಟು ಕಟ್ಟಿಕೊಂಡು ಬಂದಿದ್ದ ಪೊಟ್ಟಣವನ್ನು ನಾನು ಬಿಚ್ಚಿದೆ. ದಾರ ಅವಳು ಕಟ್ಟಿದಳು, ಕುಯ್ದದ್ದೂ ಅವಳೇ. ಹೊಕ್ಕಳ ಮೇಲೆ ಶುದ್ಧ ಬಟ್ಟೆ ಬಿಟ್ಟು ಬೇರೇನೂ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಬ್ಲೇಡನ್ನು ಒಲೆಯೊಳಗೆ ಹಾಕಿದೆ. ಅವಳು ಒಲೆಯ ಕಡೆಯೇ ನೋಡುತ್ತಾ ನಿಂತಳು.

ಐದನೆಯ ದಿನ ನಾನು ಕೂಸು ನೋಡಲು ಹೋದಾಗ ಕೋಣೆ ಸಾರಿಸಿತ್ತು. ಅವಳು ಹೊಸ್ತಿಲಲ್ಲಿ ಕುಳಿತಿದ್ದಳು.

“ಪೂಜೆಗೆ ಏನೂ ಇಲ್ಲ,” ಅಂದಳು. “ಹಳೇದು ಕಸ್ಕಂಡ್ರಿ, ಹೊಸಾದು ಸುಟ್ರಿ. ಅದ್ರಾಗೆ ಏನೈತೆ ನರ್ಸಮ್ಮಾರೆ?”

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸರ್ಕಾರದ ರೂಲ್ಸು ಅಂದರೆ ಸಾಕಿತ್ತು, ಅವಳು ಹೂಂ ಅನ್ನುತ್ತಿದ್ದಳು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ದಿನ ಅವಳ ಬಾಯಿಂದ ಎಲ್ಲವನ್ನೂ ಹೇಳಿಸಿಕೊಂಡು ಈಗ ನಾನು ಬಾಯಿ ಮುಚ್ಚಿಕೊಳ್ಳುವುದು ನೀಚತನ ಅನಿಸಿತು. ಸಗಣಿಯಲ್ಲಿರುವ ವಿಷ, ಅದು ಕಣ್ಣಿಗೆ ಕಾಣದ್ದು, ಹೊಕ್ಕಳ ಹಸಿ ಗಾಯದಿಂದ ಒಳಗೆ ಹೋಗುವುದು, ಎಲ್ಲ ಹೇಳಿದೆ.

“ನಾನು ತೊಳೆದಿದ್ದೆ.”

“ತೊಳೆದರೆ ಹೋಗಲ್ಲ ದೊಡ್ಡವ್ವ. ಕುದಿಸಬೇಕಿತ್ತು, ಇಲ್ಲ ಎಸೆಯಬೇಕಿತ್ತು.”

“ಗೌಡ್ರ ಮೊಮ್ಮಗ ಬದುಕಿದ್ನಲ್ಲ?”

“ಆಗ ಅದು ಸಗಣಿ ಮುಟ್ಟಿರಲಿಲ್ಲ.”

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. “ಹಂಗಾರೆ ಆ ಮೂರು ನನ್ನ ಕೈಯಾಗೇ ಹೋದ್ವು.”

“ನಿಮ್ಮ ಕೈಗೆ ಅದನ್ನ ಕೊಟ್ಟಿದ್ದು ನಾನು. ಎಸೀರಿ ಅಂತ ಹೇಳಲಿಲ್ಲ. ಏನು ಮಾಡ್ತೀರಿ ಅಂತ ಕೇಳಲೂ ಇಲ್ಲ.”

ಅವಳು ಅಳಲಿಲ್ಲ. ಒಳಗೆ ಹೋಗಿ ಕೂಸಿನ ಪಕ್ಕ ಗೋಡೆಗೆ ಒರಗಿ ಕುಳಿತಳು. ಅಲ್ಲಿಂದ ಹತ್ತನೆಯ ದಿನದವರೆಗೆ ಅವಳು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣಲಿಲ್ಲ. ನಾನು ದಿನಾ ಹೋಗುತ್ತಿದ್ದೆ. ಕೈ ತೊಳೆದು ಕಿರುಬೆರಳನ್ನು ಕೂಸಿನ ಬಾಯಿಗಿಟ್ಟು ನೋಡುವುದು, ದವಡೆ ಬಿಗಿದಿಲ್ಲ ತ್ರಾಣದಿಂದ ಚೀಪುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳುವುದು. ಏಳನೆಯ ದಿನ ಕೂಸು ಬಹಳ ಹೊತ್ತು ಮಲಗಿಬಿಟ್ಟಿತು. ನಾವಿಬ್ಬರೂ ಪಕ್ಕದಲ್ಲಿ ಅದರ ಉಸಿರು ಎಣಿಸುತ್ತಾ ಕುಳಿತಿದ್ದೆವು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಇನ್ನೊಂದು ದಿನ ಇಲ್ಲ. ಸಂಜೆ ಅದು ಎದ್ದು ಕಿರುಚಿ ಅತ್ತು ಮೊಲೆಗೆ ಬಾಯಿ ಹಾಕಿದಾಗ ಮಗಳಿಗೆ ನಮ್ಮ ಮುಖ ನೋಡಿ ಏನೂ ಅರ್ಥವಾಗಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಸೂಲಗಿತ್ತಿ ನನ್ನ ಬಾಗಿಲಿಗೆ ಬಂದಳು. ಸ್ನಾನ ಮಾಡಿ ಗೌಡರು ಕೊಟ್ಟ ಸೀರೆ ಉಟ್ಟಿದ್ದಳು.

“ಬರ್ರಿ, ಆ ಮೂರು ಮನೆಗೆ ಹೋಗಾಣ.”

“ಯಾಕೆ ದೊಡ್ಡವ್ವ? ಹೊಡೆದಾರು.”

“ಹೊಡೀಲಿ. ನಾನೊಬ್ಳೇ ಹೋದ್ರೆ ನನ್ನ ಮಾತು ನಂಬಾಕಿಲ್ಲ. ನೀವೊಬ್ರೇ ಹೋದ್ರೆ ಎಲ್ಲಾ ನಿಮ್ಮ ಮ್ಯಾಲೆ ಹಾಕ್ಕಂತೀರೋ, ನನ್ನ ಮ್ಯಾಲೆ ಹಾಕ್ತೀರೋ, ನಂಗೆ ಗೊತ್ತಿಲ್ಲ.”

ನಾನು ಚಪ್ಪಲಿ ಮೆಟ್ಟಿಕೊಂಡೆ.

ಮೊದಲು ಹೋದದ್ದು ಬಾಗಿಲ ಹಿಂದೆ ನಿಂತು ತುಟಿ ಬಿಚ್ಚದೆ ಇದ್ದ ಆ ಹುಡುಗಿಯ ಮನೆಗೆ. ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಅತ್ತೆ ಒಳಗೆ ಒಲೆಯ ಮುಂದೆ ಇದ್ದಳು. ಸೂಲಗಿತ್ತಿ ಅಂಗಳದ ಅಂಚಿನಲ್ಲಿ ಕುಳಿತು ತಾನೇ ಶುರು ಮಾಡಿದಳು. ಬ್ಲೇಡಿನ ಮಾತು, ಪೂಜೆಯ ಮಾತು, ಡಬ್ಬಿಯ ಮಾತು, ಒಂದನ್ನೂ ಮುಚ್ಚಿಡಲಿಲ್ಲ. ನನ್ನ ಪಾಲನ್ನು ನಾನು ಹೇಳಿದೆ. ಆ ಹುಡುಗಿ ಮೊರ ಕೆಳಗಿಟ್ಟು ಕೇಳುತ್ತಾ ಕುಳಿತಳು. ಬೈಗುಳಕ್ಕೆ, ಮಣ್ಣು ತೂರುವುದಕ್ಕೆ, ಎದೆ ಬಡಿದುಕೊಳ್ಳುವುದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವಳು ಏನೂ ಮಾಡಲಿಲ್ಲ. ಮೆಲ್ಲಗೆ ಕೇಳಿದಳು.

“ಆರನೇ ದಿನದಿಂದ ಅದು ನನ್ನ ಮೊಲೆ ಹಿಡೀಲಿಲ್ಲ. ನನ್ನ ಹಾಲಾಗೆ ವಿಷ ಐತೆ ಅಂತ ಎಲ್ರೂ ಅಂತಾರೆ. ಹಂಗಾರೆ ನನ್ನ ಹಾಲಲ್ಲಾ?”

“ಅಲ್ಲ,” ಅಂದೆ. “ಬಾಯಿ ಬಿಗಿದು ಹೋಗಿತ್ತು, ಅದಕ್ಕೆ ಹಿಡೀಲಿಲ್ಲ. ನಿನ್ನ ಹಾಲು ಚೆನ್ನಾಗೇ ಇತ್ತು.”

ಅವಳು ಒಳಗಿನ ಒಲೆಯ ಕಡೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿದಳು.

“ಇನ್ನೊಂದು ಸಲ ಹೇಳ್ರಿ. ನಮ್ಮತ್ತೆಗೆ ಕೇಳಾಂಗೆ, ಗಟ್ಟಿಯಾಗಿ.”